ಸಹಾಯ ಬೇಕು: ಊಟಕ್ಕೆ ಕೂತರೆ ಸಾಕು, ಮಗುವಿಗೆ ಕೆಮ್ಮು

ಮಗಳಿಗೆ ಒಂದೂವರೆ ವರ್ಷ. ಮೂರು ವಾರದಿಂದ ಊಟದ ಹೊತ್ತಿಗೆ ಮಾತ್ರ ಕೆಮ್ಮು. ನೆಗಡಿ ಇಲ್ಲ, ಜ್ವರ ಇಲ್ಲ. ಗಟ್ಟಿ ರಾಗಿ ಸರಿ, ಮೊಸರನ್ನ ಕೊಟ್ಟರೆ ಏನೂ ಆಗುವುದಿಲ್ಲ, ಆದರೆ ನೀರು ಕುಡಿಸಿದರೆ ಅಥವಾ ತೆಳ್ಳಗೆ ಸಾರನ್ನ ಕಲಸಿಕೊಟ್ಟರೆ ಎರಡನೇ ತುತ್ತಿಗೇ ಶುರು, ಮುಖ ಕೆಂಪಾಗಿ ಕಣ್ಣಲ್ಲಿ ನೀರು ತುಂಬಿಬಿಡುತ್ತದೆ, ನನಗೆ ಕೈಕಾಲೇ ಆಡುವುದಿಲ್ಲ. ನೆತ್ತಿಗೆ ಹತ್ತಿದೆ ಅಂತ ಅತ್ತೆ ತಲೆ ತಟ್ಟುತ್ತಾರೆ. ದಿನಾ ನೆತ್ತಿಗೆ ಹತ್ತುತ್ತದಾ?

ಈಗ ನೇರ ಕೂರಿಸಿ, ಮೊಬೈಲ್ ತೋರಿಸದೆ, ಚಿಕ್ಕ ಚಮಚದಲ್ಲಿ ನಿಧಾನ ತಿನ್ನಿಸುತ್ತಿದ್ದೇನೆ, ಸ್ವಲ್ಪ ಕಡಿಮೆ. ಡಾಕ್ಟರ್ ಎದೆ ಚೆನ್ನಾಗಿದೆ ಅಂದರು, ಹೀಗೇ ಇದ್ದರೆ ನುಂಗುವುದನ್ನು ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಯಾರಾದರೂ ಇದಕ್ಕೆ ಅಂತ ಮಗುವನ್ನು ಕರೆದುಕೊಂಡು ಹೋಗಿದ್ದೀರಾ? ಅಲ್ಲಿಯವರೆಗೆ ನೀರು ಹೇಗೆ ಕುಡಿಸಲಿ? ದಯವಿಟ್ಟು ಹೇಳಿ.