ಮರು: ಹಳೇ ಕುರ್ಚಿ, ಬಾಗಿಲಿನ ಬಣ್ಣ ತೆಗೆಯೋ ಕೆಲಸಕ್ಕೆ ಪದ (ಬೋರ್ಡಿಗೆ, ತುರ್ತು)

> ಕೊಪ್ಪಳದಲ್ಲಿ ಅಂಗಡಿ ಶುರು ಮಾಡುತ್ತಿದ್ದೇವೆ. ಹಳೇ ಮರದ ಸಾಮಾನಿನ ಬಣ್ಣ ಪೂರ್ತಿ ತೆಗೆದು ಹೊಸದಾಗಿ ಪಾಲಿಶ್ ಮಾಡುವ ಕೆಲಸ. ಬೋರ್ಡ್ ಬರೆಯುವವರು ನಾಳೆ ಬರುತ್ತಾರೆ.

ಹೆರೆ, ಮೆರುಗು. ಈ ಎರಡು ಪದ ಸಾಕು. ಹೀಗೆ ಬರೆಸಿ: "ಹಳೇ ಮರದ ಸಾಮಾನು ಹೆರೆದು ಮೆರುಗು ಹಾಕುತ್ತೇವೆ."

> ರಂದಾ ಹೊಡೆಯೋದು ಅನ್ನಿ. ನಮ್ಮ ಕಡೆ ಎಲ್ಲರಿಗೂ ಗೊತ್ತು.

ಬೇಡವೇ ಬೇಡ. ರಂದಾ ಅಂದರೆ ಬಡಗಿ ಮರ ಸಪಾಟು ಮಾಡುವ ಸಾಧನ, ಅದು ಮರವನ್ನೇ ತೆಗೆಯುತ್ತದೆ. ಇಲ್ಲಿ ಹೋಗಬೇಕಾದ್ದು ಮೇಲಿನ ಬಣ್ಣ ಮಾತ್ರ. ಅಜ್ಜನ ಸಾಗವಾನಿ ಪೆಟ್ಟಿಗೆಯನ್ನು ಒಬ್ಬರಿಗೆ ಕೊಟ್ಟು "ಹಳೇ ಬಣ್ಣ ತೆಗೀರಿ" ಅಂದಿದ್ದೆ. ಅವರು ರಂದಾ ಹೊಡೆದರು. ಅಂಚಿನ ಹೂಬಳ್ಳಿ ಕೆತ್ತನೆ ಸಪಾಟಾಯಿತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರಂದಾ ಪದದ ಮೇಲೆ ನನಗೆ ಸಿಟ್ಟಿಲ್ಲ. ಪಾರಸಿಯಿಂದ ಉರ್ದುವಿಗೆ, ಅಲ್ಲಿಂದ ನಮಗೆ ಬಂತು. ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಬರದೇ ಇರುತ್ತಾ? ಪಾರಸಿಯಲ್ಲಿ ತುರಿಯುವ ಮಣೆಗೂ ಅದೇ ಹೆಸರು. ನಮ್ಮ ಹೆರೆಯೂ ಹಾಗೇ. ಕೊಬ್ಬರಿ ಹೆರೆಯುತ್ತೇವೆ, ಗಡ್ಡ ಹೆರೆಯುತ್ತೇವೆ. ಆದರೆ ಗಡ್ಡ ಹೆರೆದಾಗ ಕೂದಲು ಹೋಗಿ ಚರ್ಮ ಉಳಿಯುತ್ತದಲ್ವಾ? ಈ ಕೆಲಸವೂ ಅದೇ. ಹಾಗಾಗಿ ಸುಲಿ ಅನ್ನೋ ಸಲಹೆಯೂ ಬೇಡ. ಸುಲಿದರೆ ಚರ್ಮವೇ ಹೋಯಿತು.

> ಸುಮ್ನೆ ಪಾಲಿಶ್ ಅಂತ ಬರೆಸಿ.

ಇಂಗ್ಲಿಷ್ ಅಂತ ಬೇಡ ಅನ್ನುತ್ತಿಲ್ಲ. ಹಳೇ ಬಣ್ಣದ ಮೇಲೇ ವಾರ್ನಿಶ್ ಬಳಿದರೂ ಅದು ಪಾಲಿಶ್. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಉಂಡೆಯಿಂದ ಪದರದ ಮೇಲೆ ಪದರ ಉಜ್ಜಿದರೂ ಪಾಲಿಶ್. ಹಳೆಯದು ಹೋಗುತ್ತೋ ಇಲ್ಲವೋ ಅಂತ ಗಿರಾಕಿಗೆ ಹೇಗೆ ತಿಳಿಯಬೇಕು? ಹೆರೆದು ಅಂದರೆ ತಿಳಿಯುತ್ತದೆ.

> ಮೆರುಗು ತೆಲುಗು.

ಅಲ್ಲ. ಮೆರೆ ನಮ್ಮಲ್ಲೂ ಇದೆ. ಮೆರುಗು ತೆಲುಗಿನಲ್ಲೂ ಇದೆ, ತಮಿಳಿನಲ್ಲೂ ಇದೆ. ಒಂದೇ ಮನೆಯ ಆಸ್ತಿ, ಮೂವರಿಗೂ ಪಾಲು ಬಂದಿದೆ. ಬಳ್ಳಾರಿ ಕಡೆಯವರು ಕಂಡ ಪದಕ್ಕೆಲ್ಲ ತೆಲುಗಿನ ಮುದ್ರೆ ಒತ್ತುವುದು ಜಾಸ್ತಿಯಾಯಿತು.

ಇನ್ನು ಸಾಮಾನು ಬದಲು ಪೀಠೋಪಕರಣ ಅನ್ನಿ ಅನ್ನೋ ಸಲಹೆ. ಕುರ್ಚಿ ಅರಬ್ಬಿ, ಅಲಮಾರು ಪೋರ್ಚುಗೀಸ್, ಆದ್ದರಿಂದ ಬೇಡ ಅನ್ನುತ್ತಿದ್ದೀರಿ. ಪೀಠ, ಉಪಕರಣ ಎರಡೂ ಸಂಸ್ಕೃತವಲ್ವಾ? ಸಾಮಾನು ಪಾರಸಿ, ಇರಲಿ. ಸಂತೆಗೆ ಬಂದವರು ಓದಿ ಒಳಗೆ ಬರಬೇಕು.

ಬೋರ್ಡ್ ಬರೆಯುವವರಿಗೆ ಒಂದು ಮಾತು ಹೇಳಿ. ನಮ್ಮ ಬಾಯಲ್ಲಿ ಅದು "ಹೆರಿ". ಹಾಗೇ ಬರೆದರೆ ಹೆರಿಗೆ ನೆನಪಾಗುತ್ತದೆ. "ಹೆರೆದು" ಅಂತಲೇ ಬರೆಯಲಿ.