ಕಾಲೇಜು ಕೊಟ್ಟ ಮೇಲ್ ಐಡಿ, ಡ್ರೈವ್ ಎಷ್ಟು ನಂಬಬಹುದು? ಅನುಭವ ಇದ್ದವರು ಹೇಳಿ

ಹಾಸನದ ಅಕ್ಕ

ನನ್ನ ತಮ್ಮ ಈ ವರ್ಷ ಬಿಇ ಸೇರಿದ್ದಾನೆ. ಯುಎಸ್‌ಎನ್ (ಯೂನಿವರ್ಸಿಟಿ ಕೊಡೋ ನೋಂದಣಿ ನಂಬರ್) ಬಂದ ವಾರವೇ ಕಾಲೇಜಿನಿಂದ ಗೂಗಲ್ ಮೇಲ್ ಐಡಿ ಕೊಟ್ಟರು. ಅವನ ಸ್ವಂತ ಜಿಮೇಲ್‌ನ 15 ಜಿಬಿ ಫೋಟೋ, ವಾಟ್ಸ್ಆ್ಯಪ್ ಬ್ಯಾಕಪ್‌ನಲ್ಲೇ ತುಂಬಿದೆ. ಈಗ ಎಲ್ಲವನ್ನೂ ಕಾಲೇಜಿನ ಡ್ರೈವ್‌ಗೆ ಹಾಕ್ತೀನಿ ಅಂತಾನೆ. 100 ಜಿಬಿಗೆ ವರ್ಷಕ್ಕೆ 1300 ರೂಪಾಯಿ ಕೊಡೋದು ದಂಡ ಅಂತ ಅವನ ವಾದ. ನನಗೆ ಧೈರ್ಯ ಬರುತ್ತಿಲ್ಲ. ಓದು ಮುಗಿಸಿದವರು ಏನು ಮಾಡಿದಿರಿ?

ತುಮಕೂರು, 2023ರ ಬ್ಯಾಚ್

ನನ್ನ ಕಥೆ ಸ್ವಲ್ಪ ಉದ್ದ ಇದೆ, ಆದರೂ ಓದಿ. ನಾನು ಸೇರಿದ್ದು 2019ರಲ್ಲಿ. ಆಗ ಕಾಲೇಜಿನ ಡ್ರೈವ್‌ಗೆ ಲಿಮಿಟ್ಟೇ ಇರಲಿಲ್ಲ. ನೋಟ್ಸ್, ಲ್ಯಾಬ್ ರೆಕಾರ್ಡ್, ಟ್ರಿಪ್ ಫೋಟೋ, ಅಕ್ಕನ ಮದುವೆ ವಿಡಿಯೋ, ಎಲ್ಲ ಅಲ್ಲಿಗೇ ಹಾಕಿದೆ. 2021ರ ಫೆಬ್ರವರಿಯಲ್ಲಿ ಗೂಗಲ್ ಹೊಸ ನಿಯಮ ತಿಳಿಸಿತು. ಇಡೀ ಸಂಸ್ಥೆಗೆ ಸೇರಿ 100 ಟಿಬಿ (1 ಟಿಬಿ ಅಂದರೆ ಸುಮಾರು ಸಾವಿರ ಜಿಬಿ), 2022ರ ಜುಲೈಯಿಂದ ಜಾರಿ. ಅಂದರೆ ಕಾಲೇಜಿಗೆ ಒಂದೂಕಾಲು ವರ್ಷಕ್ಕಿಂತ ಮೊದಲೇ ಗೊತ್ತಿತ್ತು. ನಮಗೆ ಹೇಳಿದ್ದು ಯಾವಾಗ? ಎಂಟನೇ ಸೆಮ್ ಪರೀಕ್ಷೆಗೆ 15 ದಿನ ಇರುವಾಗ. ಒಬ್ಬರಿಗೆ 5 ಜಿಬಿ ಮಾತ್ರ, ಜಾಸ್ತಿ ಇದ್ದವರು ತೆಗೀರಿ ಅಂತ.

ನನ್ನದು 61 ಜಿಬಿ ಇತ್ತು. ಗೂಗಲ್‌ನಲ್ಲಿರೋದನ್ನೆಲ್ಲ ಜಿಪ್ ಮಾಡಿ ಇಳಿಸಿಕೊಳ್ಳೋಕೆ ಕೊಡೋ ಟೇಕ್‌ಔಟ್ ಹಾಕಿದೆ. ಫೈಲ್ ಸೈಜ್ 50 ಜಿಬಿವರೆಗೂ ಇಡಬಹುದು ಅಂತ ಗೊತ್ತಿರಲಿಲ್ಲ. ಅದು ತೋರಿಸಿದ 2 ಜಿಬಿಗೇ ಬಿಟ್ಟೆ. 31 ಜಿಪ್ ಫೈಲ್ ಬಂದವು! ಹಾಸ್ಟೆಲ್ ವೈಫೈ ರಾತ್ರಿ 11ಕ್ಕೆ ಬಂದ್. ಫೋನ್‌ನಲ್ಲಿ ದಿನಕ್ಕೆ 1.5 ಜಿಬಿ, ಒಂದು ಜಿಪ್ ಕೂಡ ಪೂರ್ತಿ ಇಳಿಯಲ್ಲ. ಡೇಟಾ ಬೂಸ್ಟರ್‌ಗೆ 480 ರೂಪಾಯಿ ಹೋಯ್ತು. ಆಮೇಲೆ ಬಿ.ಎಚ್. ರಸ್ತೆಯ ಸೈಬರ್‌ನಲ್ಲಿ ಮೂರು ದಿನ ಕೂತೆ. ಗಂಟೆಗೆ 30 ರೂಪಾಯಿ, ಒಟ್ಟು 19 ಗಂಟೆ. ಹಾರ್ಡ್ ಡಿಸ್ಕ್‌ಗೆ 4,100. ಇದೆಲ್ಲ ಪರೀಕ್ಷೆ ಓದೋ ಟೈಮಲ್ಲಿ.

17ನೇ ಜಿಪ್ ಪ್ರತಿ ಸಲ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ಫೈಲನ್ನು ಐದು ಸಲಕ್ಕಿಂತ ಜಾಸ್ತಿ ಇಳಿಸೋಕೆ ಬಿಡಲ್ಲ. ಐದೂ ಮುಗೀತು. ಹೊಸ ಟೇಕ್‌ಔಟ್ ತಯಾರಾಗೋಷ್ಟರಲ್ಲಿ ಕಾಲೇಜಿನವರು ಗಡುವು ಮುಗೀತು ಅಂತ ಅಕೌಂಟ್ ಮುಚ್ಚಿದರು. ಆ 17ನೇ ಜಿಪ್‌ನಲ್ಲೇ ಅಕ್ಕನ ಧಾರೆಯ ವಿಡಿಯೋ ಇತ್ತು. ಅಜ್ಜಿ ಧಾರೆ ಎರೆಯುವಾಗ ಅಳುತ್ತಿರೋದು ಅದೊಂದರಲ್ಲೇ ಇತ್ತು. ಅಜ್ಜಿ ಈಗಿಲ್ಲ.

ಧಾರವಾಡದ ಎಂಎ

ಮೇಲಿನವರ ಕಥೆ ಕೇಳಿ ಬೇಜಾರಾಯ್ತು. ಆದರೆ ಯೂನಿವರ್ಸಿಟಿ ಅಕೌಂಟ್ ಅಂದರೆ ಹಾಳು ಅನ್ನೋ ಮಾತು ಒಪ್ಪಲ್ಲ ನೋಡ್ರಿ. ನನಗೆ ಅದೇ ದಾರಿ ಮಾಡಿಕೊಟ್ಟಿತು. ನನ್ನ ಹತ್ತಿರ ಲ್ಯಾಪ್‌ಟಾಪ್ ಇರಲಿಲ್ಲ. ಹಳೇ ಪುಸ್ತಕಗಳನ್ನು ಲೈಬ್ರರಿಯಿಂದ ಹೊರಗೆ ಕೊಡಲ್ಲ. ಫೋನ್‌ನಲ್ಲಿ ಪುಟಗಳ ಫೋಟೋ ತೆಗೆದು ಡ್ರೈವ್‌ಗೆ ಹಾಕುತ್ತಿದ್ದೆ. ಆಮೇಲೆ ಲೈಬ್ರರಿ ಕಂಪ್ಯೂಟರ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಫೋಟೋ ಕೆಳಗೆ ಕನ್ನಡ ಅಕ್ಷರ ಬಂದು ಕೂತಿರುತ್ತದೆ. ಹೀಗೆ 140 ಪುಟ ಮಾಡಿದೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತಿತ್ತು. ಹಳಗನ್ನಡದ ಱ, ೞ ಇದ್ದ ಕಡೆ ಪ್ರತಿ ಸಲ ಬೇರೆ ಏನೋ ಅಕ್ಷರ. ಪುಟಕ್ಕೆ ಹತ್ತು ನಿಮಿಷ ತಿದ್ದಬೇಕಿತ್ತು. ಆದರೂ ಪುಟಕ್ಕೆ 25 ರೂಪಾಯಿ ಕೊಟ್ಟು ಟೈಪ್ ಮಾಡಿಸಿದ್ದರೆ 3,500 ಆಗುತ್ತಿತ್ತು. ಅಷ್ಟು ದುಡ್ಡು ನಮ್ಮ ಮನೆಯಲ್ಲಿ ಕೇಳುವ ಹಾಗಿರಲಿಲ್ಲ.

ಗೈಡ್ ಸರ್ ಡಾಕ್ಸ್‌ನಲ್ಲೇ ಕಾಮೆಂಟ್ ಬರೆದರು, ಒಟ್ಟು 214. ಮುಗಿದ ಮೇಲೆ ಫೈಲನ್ನು ಸ್ವಂತ ಜಿಮೇಲ್ ಹೆಸರಿಗೆ ಮಾಡಲು ಹೋದೆ. ಆಗಲ್ಲ. ಸಂಸ್ಥೆಯ ಅಕೌಂಟಿನಿಂದ ಹೊರಗಿನವರಿಗೆ ಓನರ್‌ಶಿಪ್ ಕೊಡೋಕೆ ಬರಲ್ಲ. ಜಿಮೇಲ್ ಜೊತೆ ಶೇರ್ ಮಾಡಿ, ಅಲ್ಲಿಂದ ಕಾಪಿ ಮಾಡಿಕೊಳ್ಳಬೇಕು. ಆಗ ಕಾಮೆಂಟ್‌ಗಳನ್ನೂ ಕಾಪಿ ಮಾಡಲಾ ಅಂತ ಒಂದು ಚಿಕ್ಕ ಚೌಕ ಬರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಕು. ನಾನು ಹಾಕಿದೆ. 214ಕ್ಕೆ 214 ನನ್ನ ಹತ್ತಿರ ಇವೆ. ಹಳೇ ವರ್ಷನ್‌ಗಳು ಮಾತ್ರ ಜೊತೆಗೆ ಬರಲ್ಲ.

ಕಷ್ಟ ಕೊಟ್ಟಿದ್ದು ಡ್ರೈವ್ ಅಲ್ಲ, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್. ಮೊದಲ ಎರಡು ಅಧ್ಯಾಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಡಾಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಚುಕ್ಕಿ, ಗೆರೆ. ಒಂದು ಪದ ಓದೋಕಾಗಲಿಲ್ಲ. ಈ ಅಂಗಡಿಯವರು ಇನ್ನೂ ಯಾಕೆ ಹಳೇದನ್ನೇ ಹಿಡಿದುಕೊಂಡಿದ್ದಾರೋ.

ಮಂಗಳೂರು ಎಂಟೆಕ್

ಗೂಗಲ್ ಬಿಡಿ, ನಮ್ಮಲ್ಲಿ ಮೈಕ್ರೋಸಾಫ್ಟ್ ಇತ್ತು. ಅವರ ಡ್ರೈವ್ ಆದ ಒನ್‌ಡ್ರೈವ್‌ನಲ್ಲಿ 1 ಟಿಬಿ ಅಂತ ಆರಾಮಾಗಿದ್ದೆ ಮಾರಾಯ್ರೇ. ಆಮೇಲೆ ಕಾಲೇಜುಗಳಿಗೆ ಕೊಡೋ ಉಚಿತ ಎ1 ಪ್ಲಾನ್‌ನಲ್ಲಿ ಒಬ್ಬರಿಗೆ 100 ಜಿಬಿ ಅಂತ ಆಯಿತು. ನನ್ನದು 70 ಇತ್ತು, ತೊಂದರೆ ಇಲ್ಲ ಅಂದುಕೊಂಡೆ.

ನನ್ನ ಪೆಟ್ಟು ಬೇರೆ ಕಡೆ ಬಿತ್ತು. ಲ್ಯಾಪ್‌ಟಾಪ್‌ನಲ್ಲಿ ಒನ್‌ಡ್ರೈವ್ ಫೋಲ್ಡರ್ ತೆರೆದರೆ ಎಲ್ಲ ಫೈಲೂ ಕಾಣುತ್ತಿತ್ತು. ಹೆಸರು, ಸೈಜು, ತಾರೀಖು, ಎಲ್ಲ. ಹಾಗಾದರೆ ಲ್ಯಾಪ್‌ಟಾಪ್‌ನಲ್ಲೇ ಇದೆ ಅಂತ ನಂಬಿದ್ದೆ. ಇರಲಿಲ್ಲ! ಫೈಲ್ ಪಕ್ಕ ನೀಲಿ ಮೋಡದ ಚಿತ್ರ ಇದ್ದರೆ ಅದು ಬರೀ ಹೆಸರು. ಫೈಲ್ ಇರೋದು ಅವರ ಸರ್ವರ್‌ನಲ್ಲಿ. ಹಸಿರು ಟಿಕ್ ಇದ್ದರೆ ಮಾತ್ರ ನಮ್ಮ ಹತ್ತಿರ ಇದೆ ಅಂತ. ಎರಡು ವರ್ಷ ದಿನಾ ಆ ಮೋಡ ನೋಡಿದ್ದೇನೆ. ಅರ್ಥ ಏನು ಅಂತ ಒಂದು ದಿನ ಯೋಚಿಸಲಿಲ್ಲ.

ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಸಹಿ ಆದ ತಿಂಗಳಿಗೆ ಅಕೌಂಟ್ ಹೋಯಿತು. ಥೀಸಿಸ್ ಪಿಡಿಎಫ್ ಉಳಿಯಿತು. ಅದರ ಹಿಂದಿದ್ದ ಸಿಮ್ಯುಲೇಶನ್ ಫೈಲ್ ಯಾವುದೂ ತೆರೆಯಲಿಲ್ಲ. ಆಫೀಸಿಗೆ ನಾಲ್ಕು ಸಲ ಹೋದೆ. ಪ್ರತಿ ಸಲ ಬಸ್ಸಿಗೆ 90 ರೂಪಾಯಿ. ಮೂರನೇ ಸಲ ಹೇಳಿದರು, ಅಳಿಸಿದ ಅಕೌಂಟ್ 30 ದಿನದೊಳಗೆ ಮಾತ್ರ ವಾಪಸ್ ತರಬಹುದು ಅಂತ. ನಾನು ಹೋಗಿದ್ದು 43ನೇ ದಿನ. ಪೇಪರ್ ಕಳಿಸಿದ್ದ ಜರ್ನಲ್‌ನವರು ಡೇಟಾ ಕೇಳಿದರು. ಕೊಡಲು ಏನೂ ಇರಲಿಲ್ಲ. ಪೇಪರ್ ವಾಪಸ್ ತಗೊಂಡೆ. ಒಂದು ವರ್ಷದ ಕೆಲಸ.

ಕಾಲೇಜೊಂದರ ಐಟಿ ವಿಭಾಗ

ಎಲ್ಲರೂ ಕಾಲೇಜನ್ನೇ ಬೈತಿದ್ದೀರಿ, ನಮ್ಮ ಕಡೆಯಿಂದಲೂ ಕೇಳಿ. 100 ಟಿಬಿ ಅಂದರೆ ಸಮುದ್ರ ಅಂದುಕೊಂಡಿದ್ದೀರಿ. ನಮ್ಮಲ್ಲಿ 6000 ವಿದ್ಯಾರ್ಥಿಗಳು. ಸಮ ಹಂಚಿದರೆ ತಲೆಗೆ 17 ಜಿಬಿ ಕೂಡ ಬರಲ್ಲ. ಮೇಷ್ಟ್ರುಗಳ ಕ್ಲಾಸ್ ರೆಕಾರ್ಡಿಂಗ್, ಆಫೀಸ್ ಫೈಲ್, ಪ್ರತಿ ವರ್ಷ ಬರೋ ಹೊಸ ಬ್ಯಾಚ್, ಎಲ್ಲ ಅದರಲ್ಲೇ. ಒಬ್ಬ ಹುಡುಗನ ಅಕೌಂಟಿನಲ್ಲಿ 2 ಟಿಬಿ ಸಿನಿಮಾ ಇತ್ತು. ಅವನ ಒಬ್ಬನಿಂದ ನೂರಿಪ್ಪತ್ತು ಜನರ ಪಾಲು ಹೋಯಿತು.

ನೋಟಿಸ್ ಕೊಡಲಿಲ್ಲ ಅನ್ನೋರಿಗೆ ಹೇಳುತ್ತೇನೆ. ನಾವು ಮೂರು ಸಲ ಮೇಲ್ ಹಾಕಿದ್ದೆವು. ಯಾರೂ ತೆರೆಯಲ್ಲ. ಅಕೌಂಟ್ ಹೋದ ಮೇಲೆ ಫೋನ್ ಮಾಡುತ್ತಾರೆ. ಗೂಗಲ್‌ನಲ್ಲಿ ಅಳಿಸಿದ ಅಕೌಂಟ್ ವಾಪಸ್ ತರೋಕೆ 20 ದಿನ ಅಷ್ಟೇ. ಹೋದ ವರ್ಷ ಆ 20 ದಿನದೊಳಗೆ ಬಂದ ಹನ್ನೊಂದು ಮಕ್ಕಳ ಅಕೌಂಟನ್ನು ನಾನೇ ಕೂತು ವಾಪಸ್ ತಂದಿದ್ದೇನೆ, ಭಾನುವಾರ ಕೂಡ.

ತುಮಕೂರು, 2023ರ ಬ್ಯಾಚ್

ಸರ್, ನಿಮ್ಮ ಕಾಲೇಜಿನ ಬಗ್ಗೆ ನಾನು ಹೇಳಿಲ್ಲ. ಆದರೆ ಮೇಲ್ ಹಾಕಿದೆವು ಅನ್ನೋದು ಉತ್ತರ ಅಲ್ಲ. ಫೀಸ್ ಬಾಕಿ ಇದ್ದರೆ ಕ್ಲಾಸಿಗೇ ಬಂದು ಹೆಸರು ಕೂಗುತ್ತಾರೆ. ಅಟೆಂಡೆನ್ಸ್ ಕಮ್ಮಿ ಆದರೆ ಅಪ್ಪನ ಫೋನಿಗೆ ಮೆಸೇಜ್ ಹೋಗುತ್ತದೆ. ನಾಲ್ಕು ವರ್ಷದ ಫೈಲ್ ಅಳಿಸೋಕೆ ಮಾತ್ರ ಒಂದು ಮೇಲ್ ಸಾಕಾ?

ಕಾಲೇಜೊಂದರ ಐಟಿ ವಿಭಾಗ

ಮದುವೆ ವಿಡಿಯೋ ಇಡೋಕೆ ಅಂತ ಯಾವ ಕಾಲೇಜೂ ಅಕೌಂಟ್ ಕೊಡಲ್ಲ.

ತುಮಕೂರು, 2023ರ ಬ್ಯಾಚ್

ಅಜ್ಜಿಯ ವಿಡಿಯೋ ಕಳಕೊಂಡವನ ಹತ್ತಿರ ಆಡೋ ಮಾತಾ ಇದು?

ಶಿವಮೊಗ್ಗ, ಈಗ ಬೆಂಗಳೂರು

ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಫೈಲ್ ಬಗ್ಗೆಯೇ ಎಲ್ಲರೂ ಹೇಳುತ್ತಿದ್ದೀರಿ. ನನಗೆ ಹೊಡೆತ ಬಿದ್ದಿದ್ದು ಮೇಲ್‌ನಿಂದ. ಪ್ಲೇಸ್‌ಮೆಂಟ್‌ಗೆ ಕಾಲೇಜಿನ ಮೇಲ್ ಐಡಿಯನ್ನೇ ಕೊಡಬೇಕು ಅಂತ ನಿಯಮ ಇತ್ತು. ಕೊಟ್ಟೆ. ಆಫರ್ ಲೆಟರ್ ಬಂತು, ಮನೆಯಲ್ಲಿ ಸಿಹಿ ಹಂಚಿದರು. ಕಂಪನಿಯವರು ಜಾಯ್ನಿಂಗ್ ಮುಂದಕ್ಕೆ ಹಾಕುತ್ತಾ ಬಂದರು. ಏಳನೇ ತಿಂಗಳಿಗೆ ಡಾಕ್ಯುಮೆಂಟ್ ಅಪ್‌ಲೋಡ್ ಮಾಡಿ, ಐದು ದಿನ ಟೈಮ್ ಅಂತ ಮೇಲ್ ಹಾಕಿದರಂತೆ. ಆಗ ನನ್ನ ಅಕೌಂಟ್ ಮುಚ್ಚಿ ಹತ್ತು ದಿನ ಆಗಿತ್ತು. ಪಕ್ಕದ ರೂಮಿನ ಗೆಳತಿ ಜಾಯ್ನ್ ಆದೆ ಅಂತ ಸ್ಟೇಟಸ್ ಹಾಕಿದಾಗಲೇ ನನಗೆ ಗೊತ್ತಾಗಿದ್ದು. ಎಚ್‌ಆರ್‌ಗೆ 26 ಸಲ ಫೋನ್ ಮಾಡಿದೆ. ಬರೆದಿಟ್ಟುಕೊಂಡಿದ್ದೇನೆ. ಮುಂದಿನ ಬ್ಯಾಚ್‌ಗೆ ಹಾಕಿದರು. ನಾಲ್ಕು ತಿಂಗಳ ಸಂಬಳ, ನಾಲ್ಕು ತಿಂಗಳ ಸೀನಿಯಾರಿಟಿ ಹೋಯಿತು. ಕೆಲಸ ಹುಡುಕೋ ಲಿಂಕ್ಡ್‌ಇನ್, ಕೋಡ್ ಇಡೋ ಗಿಟ್‌ಹಬ್ ಎರಡೂ ಅದೇ ಮೇಲ್‌ನಲ್ಲಿ ಇದ್ದವು. ಪಾಸ್‌ವರ್ಡ್ ಮರೆತರೆ ಲಿಂಕ್ ಹೋಗೋದು ಸತ್ತ ಮೇಲ್‌ಗೆ.

ಅಕ್ಕ, ತಮ್ಮನಿಗೆ ಇವತ್ತೇ ಹೇಳಿ. ಎಲ್ಲಾ ಕಡೆ ಸ್ವಂತ ಜಿಮೇಲನ್ನೂ ಎರಡನೇ ಮೇಲ್ ಆಗಿ ಸೇರಿಸಲಿ. ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗೋ ಗಿಟ್‌ಹಬ್ ಸ್ಟೂಡೆಂಟ್ ಪ್ಯಾಕ್ ಥರದ್ದಕ್ಕೆ ಕಾಲೇಜಿನ ಮೇಲ್ ಬಳಸಲಿ, ಅಷ್ಟೇ.

ದಾವಣಗೆರೆ ಡಿಟಿಪಿ

ಧಾರವಾಡದ ಮೇಡಂ ಅಂಗಡಿಯವರ ಮೇಲೆ ಹಾಕಿದ್ದು ಸರಿ ಇಲ್ಲ. 22 ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ನುಡಿಯಲ್ಲಿ ಯೂನಿಕೋಡ್ (ಯಾವ ಫೋನ್, ಕಂಪ್ಯೂಟರ್‌ನಲ್ಲಾದರೂ ಓದಲು ಬರುವ ಅಕ್ಷರ ಪದ್ಧತಿ) ಬಂದು ಎಷ್ಟೋ ವರ್ಷ ಆಯಿತು. ಆದರೆ ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಪ್ರಿಂಟಿಂಗ್ ಪ್ರೆಸ್‌ನವರು. ಅವರು ಇನ್ನೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿದ್ದಾರೆ. ಅದಕ್ಕೆ ಯೂನಿಕೋಡ್ ಕನ್ನಡ ಹಾಕಿದರೆ ಸರಿಯಾಗಿ ಕೂರಲ್ಲ. ನೀವು ಟೈಪ್‌ಗೆ ಕೊಡುವಾಗ ಯೂನಿಕೋಡ್ ಬೇಕು ಅಂತ ಹೇಳಿದ್ದರೆ ಹಾಗೇ ಮಾಡಿಕೊಡುತ್ತಿದ್ದರು. ಹೇಳಿದಿರಾ?

ಧಾರವಾಡದ ಎಂಎ

ಕೇಳಬೇಕಿತ್ತು ಅಂತ ನನಗೆ ಹೇಗೆ ಗೊತ್ತಾಗಬೇಕು? ವಿದ್ಯಾರ್ಥಿ ಬಂದಿದ್ದಾಳೆ, ಡಿಸರ್ಟೇಶನ್ ಅಂತಾಳೆ. ಅಂಗಡಿಯವರೇ ಒಂದು ಮಾತು ಕೇಳಬಹುದಿತ್ತು ಅಲ್ವಾ? ಆ ಎರಡು ಅಧ್ಯಾಯ 46 ಪುಟ. ಪೂರ್ತಿ ಮತ್ತೆ ಟೈಪ್ ಮಾಡಿದೆ, ಎಡಗೈ ಹೆಬ್ಬೆರಳು ಊದಿಕೊಂಡಿತ್ತು. ಫೋನ್‌ನಲ್ಲಿ ಮಾಡಿದ್ದು ಅದನ್ನೆಲ್ಲ.

ದಾವಣಗೆರೆ ಡಿಟಿಪಿ

ಮತ್ತೆ ಟೈಪ್ ಮಾಡಿದಿರಾ? ಅಯ್ಯೋ, ಹಳೇ ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಇದೆ ಮೇಡಂ. 46 ಪುಟ ಒಂದು ನಿಮಿಷದ ಕೆಲಸ. ಕೆಲವು ರಫಾರ, ಒತ್ತು ಕೈಯಲ್ಲಿ ತಿದ್ದಬೇಕಾಗುತ್ತದೆ, ಅಷ್ಟೇ. ಅದನ್ನು ಹೇಳದೆ ಬಿಟ್ಟ ಅಂಗಡಿಯವರದ್ದು ತಪ್ಪು. ಅಷ್ಟು ಒಪ್ಪುತ್ತೇನೆ.

ಹಾಸನದ ಅಕ್ಕ

ಎಲ್ಲರ ಮಾತನ್ನೂ ತಮ್ಮನಿಗೆ ಓದಿ ಹೇಳಿದೆ. ಲ್ಯಾಪ್‌ಟಾಪ್ ತಂದು ಪಕ್ಕದಲ್ಲೇ ಕೂತ. ಫೋಟೋ ಎಲ್ಲ ಈಗಾಗಲೇ ಕಾಲೇಜಿನ ಅಕೌಂಟಿನ ಗೂಗಲ್ ಫೋಟೋಸ್‌ಗೆ ಹಾಕಿಬಿಟ್ಟಿದ್ದಾನೆ, 9 ಜಿಬಿ! ಅಪ್ಪನ ಫೋಟೋಗಳೂ ಅದರಲ್ಲೇ ಇವೆ. ಕಾಲೇಜಿನ ಅಕೌಂಟಿನಿಂದ ಸ್ವಂತ ಜಿಮೇಲ್‌ಗೆ ಕಳಿಸೋಕೆ ಟ್ರಾನ್ಸ್‌ಫರ್ ಅಂತ ಒಂದು ಆಯ್ಕೆ ಇದೆಯಂತಲ್ಲ, ಅದರಿಂದ ವಾಪಸ್ ಬರುತ್ತಾ?

ಕಾಲೇಜೊಂದರ ಐಟಿ ವಿಭಾಗ

ಆ ಟ್ರಾನ್ಸ್‌ಫರ್‌ನಲ್ಲಿ ಮೇಲ್ ಮತ್ತು ಡ್ರೈವ್ ಮಾತ್ರ ಬರುತ್ತದೆ ಮೇಡಂ, ಗೂಗಲ್ ಫೋಟೋಸ್ ಬರಲ್ಲ. ಕೆಲವು ಕಾಲೇಜುಗಳಲ್ಲಿ ಆ ಆಯ್ಕೆಯನ್ನೇ ಮುಚ್ಚಿರುತ್ತಾರೆ. ಫೋಟೋಗೆ ಟೇಕ್‌ಔಟೇ ಹಾಕಿಸಿ. ಫೈಲ್ ಸೈಜ್ 10 ಜಿಬಿ ಇಡಿ, ಒಂದೇ ಜಿಪ್ ಆಗುತ್ತದೆ. ಒಳ್ಳೆ ವೈಫೈ ಇರುವಲ್ಲಿ ಇಳಿಸಿ. ಜಿಪ್ ಬಿಚ್ಚಿ, ನಾಲ್ಕಾರು ಫೋಟೋ ತೆರೆದು ನೋಡಿದ ಮೇಲೆಯೇ ಅಲ್ಲಿಂದ ಅಳಿಸಿ.

ತುಮಕೂರಿನವರೇ, ಆ ಮಾತು ಆಡಬಾರದಿತ್ತು. ಕ್ಷಮಿಸಿ. ಮದುವೆ ವಿಡಿಯೋ ತೆಗೆದ ಸ್ಟುಡಿಯೋದವರ ಹತ್ತಿರ ವಿಚಾರಿಸಿದಿರಾ? ಹಳೇ ಕಾರ್ಯಕ್ರಮಗಳನ್ನು ಅವರು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿರುವುದುಂಟು.

ತುಮಕೂರು, 2023ರ ಬ್ಯಾಚ್

ಅದು ಸ್ಟುಡಿಯೋದ್ದಲ್ಲ ಸರ್, ನಾನೇ ಫೋನ್‌ನಲ್ಲಿ ತೆಗೆದಿದ್ದು. ಆದರೆ ಸ್ಟುಡಿಯೋದವರೂ ಅಲ್ಲೇ ಇದ್ದರು. ಅವರ ಕ್ಯಾಮೆರಾದಲ್ಲಿ ಅಜ್ಜಿ ಬಿದ್ದಿರಬಹುದು. ಇದು ತಲೆಗೇ ಬಂದಿರಲಿಲ್ಲ. ನಾಳೆ ಬೆಳಿಗ್ಗೆ ಹೋಗುತ್ತೇನೆ.