ಹೊಸ ಮಾನಿಟರ್ ತಂದ ಮೇಲೆ ಕಣ್ಣುರಿ: ನೀವೆಲ್ಲ ಸೆಟ್ಟಿಂಗ್ ಹೇಗಿಟ್ಕೊಂಡಿದ್ದೀರಿ?

ಮಂಡ್ಯದಿಂದ ಪ್ರಶ್ನೆ:
ನಮ್ದು ವಿ.ವಿ. ರಸ್ತೆ ಕಡೆ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಕರಪತ್ರ, ದಿನವಿಡೀ ಕನ್ನಡ ಟೈಪಿಂಗೇ. ಹಳೇ ಚೌಕದ ಮಾನಿಟರ್ ಕೆಟ್ಟೋಯ್ತು ಅಂತ 24 ಇಂಚಿನ ಫುಲ್ ಎಚ್‌ಡಿ ತಂದೆ. ಅಕ್ಷರ ತೀರಾ ಸಣ್ಣ ಕಾಣ್ತು, ರೆಸಲ್ಯೂಷನ್ ಇಳಿಸ್ದೆ. ಈಗ ದೊಡ್ಡದಾಗಿದೆ, ಆದ್ರೆ ಮಂಜುಮಂಜು. ಸಂಜೆ ಹೊತ್ತಿಗೆ ಕಣ್ಣುರಿ, ತಲೆನೋವು. ವಿಂಡೋಸ್ 11. ವಯಸ್ಸು 47, ಓದೋಕೆ ಕನ್ನಡಕ ಇದೆ. ಅನುಭವ ಇರೋರು ಹೇಳಿ.

ಮೈಸೂರು, ಕರಡು ತಿದ್ದುವ ಕೆಲಸದವರು:
ಮಂಜಿಗೆ ಕಾರಣ ರೆಸಲ್ಯೂಷನ್ನೇ ಸಾರ್. ಎಲ್‌ಸಿಡಿ ಪರದೆಯಲ್ಲಿ ಎಷ್ಟು ಚುಕ್ಕಿ ಅನ್ನೋದು ತಯಾರಾಗುವಾಗಲೇ ನಿಗದಿ. ನಿಮ್ಮದರಲ್ಲಿ 1920×1080. ಅದನ್ನು 1280×720ಕ್ಕೆ ಇಳಿಸಿದರೆ ಒಂದು ಚುಕ್ಕಿಯ ಜಾಗಕ್ಕೆ ಒಂದೂವರೆ ಚುಕ್ಕಿ ಬೇಕು. ಅರ್ಧ ಚುಕ್ಕಿ ಅಂತ ಇಲ್ಲವಲ್ಲ, ಅಕ್ಷರದ ಅಂಚು ಕಲಸಿಹೋಗುತ್ತೆ. ಕನ್ನಡದಲ್ಲಿ ಅದು ಇನ್ನೂ ಕಷ್ಟ. ದ-ಧ, ಪ-ಫ ಬೇರೆ ಮಾಡೋದು ಕೆಳಗಿನ ಒಂದು ಪುಟ್ಟ ಗೀಟು. ಅದು ಮಸುಕಾದರೆ ‘ಧನ’ ಹೋಗಿ ‘ದನ’ ಅಚ್ಚಾಗಿ ಬರುತ್ತೆ. ಒತ್ತಕ್ಷರದ ಪಾಡು ಕೇಳಲೇಬೇಡಿ.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ. ರೆಸಲ್ಯೂಷನ್‌ನಲ್ಲಿ ‘ರೆಕಮೆಂಡೆಡ್’ ಅಂತ ಬರೆದಿರೋದನ್ನೇ ಇಡಿ. ದೊಡ್ಡದು ಮಾಡಬೇಕಾದ್ದು ‘ಸ್ಕೇಲ್’ ಅನ್ನು. 125 ಇಟ್ಟು ನೋಡಿ, ಸಾಲದಿದ್ದರೆ 150. ಆಮೇಲೆ ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ ಅಂತ ಹುಡುಕಿ. ಅಕ್ಷರದ ಮಾದರಿಗಳನ್ನು ತೋರಿಸುತ್ತೆ, ನಿಮ್ಮ ಕಣ್ಣಿಗೆ ಚೊಕ್ಕ ಕಂಡದ್ದನ್ನು ಆರಿಸಿಕೊಳ್ಳಿ.

ಮಂಡ್ಯದವರು:
125 ಇಟ್ಟೆ ಮೇಡಂ, ಬ್ರೌಸರ್, ವರ್ಡ್ ಎಲ್ಲಾ ಚೆನ್ನಾಗಿದೆ. ಹಳೇ ಡಿಟಿಪಿ ಸಾಫ್ಟ್‌ವೇರ್ ಒಂದು ಮಾತ್ರ ಇನ್ನೂ ಮಸುಕು.

ಮೈಸೂರು, ಕಂಪ್ಯೂಟರ್ ರಿಪೇರಿ:
ಹಳೇ ಸಾಫ್ಟ್‌ವೇರ್‌ಗೆ ಈ ಸ್ಕೇಲ್ ಗೊತ್ತಾಗಲ್ಲ ಅಣ್ಣ, ವಿಂಡೋಸೇ ಅದನ್ನ ಎಳೆದು ಹಿಗ್ಗಿಸುತ್ತೆ. ಅದರ ಐಕಾನ್‌ನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗಿನ ಓವರ್‌ರೈಡ್‌ಗೆ ಟಿಕ್ ಹಾಕಿ ‘ಅಪ್ಲಿಕೇಷನ್’ ಇಡಿ. ಅಕ್ಷರ ಚೂಪಾಗುತ್ತೆ, ಮೆನು ಸಣ್ಣದಾಗುತ್ತೆ. ಎರಡೂ ಸಿಗಲ್ಲ.

ಬ್ರೈಟ್‌ನೆಸ್ ಮುಟ್ಟಿದ್ದೀರಾ? ಹೊಸ ಮಾನಿಟರ್ ಎಷ್ಟೋ ಸಲ ಕಣ್ಣು ಕುಕ್ಕೋ ಹಾಗೆ ಬರುತ್ತೆ, ಅಂಗಡಿಯಲ್ಲಿ ಮಿಂಚಲಿ ಅಂತ. ಇದು ವಿಂಡೋಸ್‌ನಲ್ಲಿ ಸಿಗದಿದ್ದರೆ ಮಾನಿಟರ್ ಅಂಚಿನ ಗುಂಡಿಯಲ್ಲಿ ಹುಡುಕಿ. ಬಿಳಿ ಎ4 ಹಾಳೆ ಪರದೆ ಪಕ್ಕ ಹಿಡಿದು, ಖಾಲಿ ವರ್ಡ್ ಪುಟ ತೆರೆಯಿರಿ. ಪುಟ ಟ್ಯೂಬ್‌ಲೈಟ್ ಥರ ಹೊಳೆದರೆ ಜಾಸ್ತಿ, ಬೂದಿ ಬಣ್ಣ ಕಂಡರೆ ಕಡಿಮೆ. ಮಧ್ಯಾಹ್ನ ಒಂದು ಲೆಕ್ಕ, ದೀಪ ಹಾಕಿದ ಮೇಲೆ ಇನ್ನೊಂದು. ಬಾಗಿಲು ಬೆನ್ನ ಹಿಂದೆ ಇದ್ದರೆ ಮೊದಲು ಟೇಬಲ್ ತಿರುಗಿಸಿ; ರಸ್ತೆ ಬಿಸಿಲು ಪರದೆ ಮೇಲೆ ಬೀಳ್ತಿದ್ರೆ ಯಾವ ಸೆಟ್ಟಿಂಗೂ ಕೆಲಸ ಮಾಡಲ್ಲ.

ಶ್ರೀರಂಗಪಟ್ಟಣ, ವಿದ್ಯಾರ್ಥಿ:
ಡಾರ್ಕ್ ಮೋಡ್ ಹಾಕ್ಕೊಳ್ಳಿ ಸಾರ್, ಮುಗೀತು.

ಕರಡು ತಿದ್ದುವವರು:
ಎಲ್ಲರಿಗೂ ಹೊಂದಲ್ಲಪ್ಪ. ಆಸ್ಟಿಗ್ಮಾಟಿಸಂ ಅನ್ನೋ ದೃಷ್ಟಿದೋಷ ಇರೋ ನನಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಸುತ್ತ ಪ್ರಭೆ ಕಾಣುತ್ತೆ, ಒತ್ತಕ್ಷರ ಒಂದಕ್ಕೊಂದು ಅಂಟಿಕೊಳ್ಳುತ್ತೆ. ರಾತ್ರಿ ಕೆಲಸಕ್ಕೆ ವಿಂಡೋಸ್‌ನ ನೈಟ್ ಲೈಟ್ ಸೆಟ್ಟಿಂಗ್ ಹಿತ. ಆದರೆ ಲಗ್ನಪತ್ರಿಕೆಗೆ ಬಣ್ಣ ಕೂರಿಸುವಾಗ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಪರದೆಯ ಬಿಳಿಯೇ ಹಳದಿಗೆ ತಿರುಗಿರುತ್ತೆ, ಅರಿಶಿನ ಎಷ್ಟು ಹಾಕಿದ್ದೀರಿ ಅಂತ ಪ್ರಿಂಟ್ ಬಂದಮೇಲೇ ಗೊತ್ತಾಗೋದು.

ಮದ್ದೂರು, ನಿವೃತ್ತ ಗುಮಾಸ್ತರು:
ಎಲ್ಲರೂ ಮಾನಿಟರನ್ನೇ ಹಿಡಿದುಕೊಂಡಿದ್ದೀರಿ. ಅವರು 47 ಅಂದಿದ್ದಾರೆ, ಓದೋ ಕನ್ನಡಕ ಅಂದಿದ್ದಾರೆ. ಆ ಕನ್ನಡಕದ ಪವರ್ ಪುಸ್ತಕ ಹಿಡಿಯೋ ದೂರಕ್ಕೆ, ಅಂದರೆ ಸುಮಾರು 40 ಸೆಂ.ಮೀ.ಗೆ ಕೊಟ್ಟಿರ್ತಾರೆ. ಪರದೆ ಇರೋದು ಒಂದು ತೋಳಿನಾಚೆ. ಕಾಣಲಿ ಅಂತ ಮುಂದಕ್ಕೆ ಬಾಗಿ ಬಾಗಿ ಕುತ್ತಿಗೆಯೂ ಹಿಡ್ಕೊಳ್ಳುತ್ತೆ. ಬೈಫೋಕಲ್ ಆಗಿದ್ದರೆ ಕೆಳಗಿನ ಗಾಜಿನಿಂದ ನೋಡೋಕೆ ಗದ್ದ ಎತ್ತುತ್ತೀರಿ. ಮಾನಿಟರ್ ಸ್ವಲ್ಪ ತಗ್ಗಿಸಿ. ಟೇಬಲ್ ಫ್ಯಾನ್ ಮುಖಕ್ಕೆ ಬೀಸ್ತಿದ್ರೆ ಪಕ್ಕಕ್ಕೆ ತಿರುಗಿಸಿ. ಪರದೆ ನೋಡುವಾಗ ರೆಪ್ಪೆ ಬಡಿಯೋದೇ ಕಡಿಮೆ, ಮೇಲೆ ಗಾಳಿ ಬೇರೆ, ಕಣ್ಣು ಒಣಗದೆ ಇನ್ನೇನು. 20 ನಿಮಿಷಕ್ಕೊಮ್ಮೆ ತಲೆಯೆತ್ತಿ 20 ಅಡಿ ದೂರದ್ದನ್ನ 20 ಸೆಕೆಂಡ್ ನೋಡಿ, ಎದುರಿನ ಅಂಗಡಿ ಬೋರ್ಡ್ ಆದರೂ ಸರಿ. ಕಣ್ಣಿನ ಡಾಕ್ಟರ ಹತ್ತಿರ ಹೋಗೋ ಮೊದಲು ಕಣ್ಣಿಂದ ಪರದೆಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು ಬರೆದುಕೊಂಡು ಹೋಗಿ. ‘ಕಂಪ್ಯೂಟರ್ ಕೆಲಸ’ ಅಂತ ಬರೀ ಬಾಯಲ್ಲಿ ಹೇಳಿದರೆ ಸಾಲದು.